ಮೆಂಫಿಸ್‌ನ ಬಾಡಿಗೆ ಮನೆ: ಟರ್ನ್‌ಕೀ ಕಂಪನಿಯಿಂದ ಕೊಳ್ಳಬೇಕೇ, ನಾವೇ ಹುಡುಕಬೇಕೇ?

ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಕೇಳಿದ. "ಮೆಂಫಿಸ್‌ನಲ್ಲಿ 1,60,000 ಡಾಲರಿಗೆ ಮನೆ ಅಂತೆ ಮಾರಾಯ. ರಿಪೇರಿ ಅವ್ರೇ ಮಾಡಿಸಿ ಕೊಡ್ತಾರೆ, ಬಾಡಿಗೆಗೆ ಜನಾನೂ ಅವ್ರೇ ಹುಡುಕ್ತಾರೆ, ತಿಂಗಳಾ ತಿಂಗಳಾ ದುಡ್ಡು ಅಕೌಂಟಿಗೆ ಹಾಕ್ತಾರೆ. ನೀನೂ ಒಂದು ತಗೊಂಡಿದ್ಯಲ್ಲ, ಹ್ಯಾಗಿದೆ?" ಕೈಯಲ್ಲಿ ತಟ್ಟೆ ಹಿಡಿದು, ಹಿಂದೆ ನಲವತ್ತು ಜನ ಹೋಳಿಗೆಗೆ ಕಾಯುತ್ತಿರುವಾಗ ಹೇಳಿ ಮುಗಿಸುವ ವಿಷಯವಲ್ಲ ಅದು. ಅವನಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಇದೇ ಯೋಚನೆ ಮಾಡುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ.

ನನ್ನ ಅನುಭವ ಎರಡು ಮನೆಗಳದ್ದು. ಒಂದು ಮೆಂಫಿಸ್‌ನಲ್ಲಿ, 2018ರಲ್ಲಿ ಟರ್ನ್‌ಕೀ ಕಂಪನಿಯೊಂದರಿಂದ, ಅಂದರೆ ರಿಪೇರಿ ಮಾಡಿಸಿ ಬಾಡಿಗೆದಾರರನ್ನೂ ಕೂರಿಸಿ ಮನೆ ಮಾರುವವರಿಂದ ಕೊಂಡದ್ದು. ಇನ್ನೊಂದು ಇಂಡಿಯಾನಾಪೊಲಿಸ್‌ನಲ್ಲಿ, 2021ರಲ್ಲಿ ಏಜೆಂಟ್ ಹಿಡಿದು ನಾನೇ ಹುಡುಕಿ, ಕಾಂಟ್ರಾಕ್ಟರ್ ಇಟ್ಟು ರಿಪೇರಿ ಮಾಡಿಸಿದ್ದು. ಎರಡರಿಂದಲೂ ನನಗೆ ತಿಳಿದದ್ದು ಒಂದೇ. ಅಷ್ಟು ದೂರದ ಮನೆಯಲ್ಲಿ ನಿಮ್ಮ ಪರವಾಗಿ ಕಣ್ಣಿಟ್ಟು ನೋಡುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಊರು, ಬೆಲೆ, ಬಡ್ಡಿ ಎಲ್ಲ ಅದರ ಆಮೇಲೆ.

ನಮ್ಮವರಿಗೆ ಈ ಆಸೆ ಹುಟ್ಟುವುದೇಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 15 ಲಕ್ಷ ಡಾಲರಿನ ಮನೆಗೆ ತಿಂಗಳಿಗೆ 4,500 ಬಾಡಿಗೆ ಬಂದರೆ ಅದೇ ಹೆಚ್ಚು. ಸಾಲದ ಕಂತು, ತೆರಿಗೆ ಸೇರಿದರೆ ಖರ್ಚು ಅದರ ಎರಡರಷ್ಟು. ಟೆನೆಸ್ಸಿಯ ಮೆಂಫಿಸ್, ಇಂಡಿಯಾನಾದ ಇಂಡಿಯಾನಾಪೊಲಿಸ್, ಅಲಬಾಮಾದ ಬರ್ಮಿಂಗ್‌ಹ್ಯಾಮ್, ಒಹಾಯೊದ ಕ್ಲೀವ್‌ಲ್ಯಾಂಡ್ ಕಡೆ ಮನೆಯ ಬೆಲೆ ನಮ್ಮಲ್ಲಿಯದರ ಹತ್ತನೇ ಒಂದು ಭಾಗವಾದರೆ, ಬಾಡಿಗೆ ಮೂರನೇ ಒಂದು ಭಾಗ. ಲೆಕ್ಕ ಕಣ್ಣು ಕುಕ್ಕುತ್ತದೆ. ಆ ಲೆಕ್ಕ ಸುಳ್ಳೂ ಅಲ್ಲ. ಆದರೆ ಅದು ಅರ್ಧ ಮಾತ್ರ.

ಕಂಪನಿ ಮಾರುವುದು ಏನನ್ನು

ಟರ್ನ್‌ಕೀ ಕಂಪನಿ ಹರಾಜಿನಲ್ಲೋ, ತೀರಿಕೊಂಡವರ ವಾರಸುದಾರರಿಂದಲೋ, ಕಂತು ಕಟ್ಟಲಾಗದವರಿಂದಲೋ ಹಳೆಯ ಮನೆ ಕೊಳ್ಳುತ್ತದೆ. 90 ಸಾವಿರಕ್ಕೆ ಕೊಂಡು, 30 ಸಾವಿರ ಹಾಕಿ ಸರಿಮಾಡಿ, ಬಾಡಿಗೆದಾರರನ್ನು ಕೂರಿಸಿ, 1,60,000ಕ್ಕೆ ನಿಮಗೆ ಮಾರಿತು ಎಂದುಕೊಳ್ಳಿ. ಅದರಲ್ಲಿ ಲಾಭ ಮಾಡುವುದು ತಪ್ಪಲ್ಲ. ನೀವು ಮಾಡದ ಕೆಲಸವನ್ನು ಅವರು ಮಾಡಿದ್ದಾರೆ. ನನ್ನ ತಕರಾರು ಬೇರೆ. ಮನೆ ಮಾರುವವರು, ರಿಪೇರಿ ಮಾಡಿಸುವವರು, ಆಮೇಲೆ ಬಾಡಿಗೆ ವಸೂಲು ಮಾಡಿ ಮನೆ ನೋಡಿಕೊಳ್ಳುವವರು ಮೂವರೂ ಒಂದೇ ಕಡೆಯವರು. ರಿಪೇರಿಯಲ್ಲಿ ಉಳಿಸಿದ ಪ್ರತಿ ಡಾಲರ್ ಅವರಿಗೆ. ಉಳಿಸಿದ ಜಾಗವೇ ಎರಡು ವರ್ಷಕ್ಕೆ ಕೆಟ್ಟರೆ ಬಿಲ್ ನಿಮಗೆ. ಆ ಬಿಲ್ಲಿನ ಮೇಲೆ ಶೇ. 10 ಮೇಲ್ವಿಚಾರಣೆಯ ಶುಲ್ಕ ಮತ್ತೆ ಅವರಿಗೆ. ಒಳ್ಳೆಯ ಕಂಪನಿಗಳಿವೆ, ಹತ್ತಾರು ವರ್ಷ ಹೆಸರು ಉಳಿಸಿಕೊಂಡವರಿದ್ದಾರೆ. ಆದರೂ ಈ ಏರ್ಪಾಡಿನಲ್ಲಿ ಬೇಲಿಯೇ ಹೊಲ ಮೇಯಲು ದಾರಿ ತೆರೆದೇ ಇರುತ್ತದೆ, ಮೇಯುತ್ತದೋ ಇಲ್ಲವೋ ಎಂಬುದು ಬೇಲಿಯ ಗುಣಕ್ಕೆ ಬಿಟ್ಟದ್ದು.

ಅದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಇಂಡಿಯಾನಾಪೊಲಿಸ್ ಸಾಕ್ಷಿ. ಟಿವಿಯಲ್ಲಿ ಹೆಸರಾಗಿದ್ದ ನಿರೂಪಕರೊಬ್ಬರ ಕಂಪನಿಯಿಂದ ಅಲ್ಲಿ ಮನೆ ಕೊಂಡ ಹಲವರು ಕೋರ್ಟಿಗೆ ಹೋದರು. 2019ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕೂಡ ದಾವೆ ಹೂಡಿದರು. ಹಣ ಕೊಟ್ಟ ಮನೆಗಳಿಗೆ ಹೇಳಿದ ರಿಪೇರಿ ಆಗಲಿಲ್ಲ, ಬಾಡಿಗೆದಾರರು ಬರಲಿಲ್ಲ ಎಂಬುದು ದೂರು. ಕೊಂಡವರಲ್ಲಿ ಹೊರ ಊರಿನವರೇ ಹೆಚ್ಚು. ಅಲ್ಲೇ ಇರುವವರಾದರೆ ಒಂದು ಭಾನುವಾರ ಕಾರಿನಲ್ಲಿ ಹೋಗಿ ಮನೆಯ ಮುಂದೆ ನಿಂತರೆ ಗೊತ್ತಾಗಿಬಿಡುತ್ತಿತ್ತು.

ನನ್ನ ಮೆಂಫಿಸ್ ಮನೆಯ ಚರಂಡಿ

ನನ್ನದು 1962ರ ಇಟ್ಟಿಗೆ ಮನೆ, ಮೂರು ಬೆಡ್‌ರೂಮ್. ಫೋಟೋದಲ್ಲಿ ಕಾಣುವುದೆಲ್ಲ ಹೊಸದು: ಬೂದು ಬಣ್ಣದ ವಿನೈಲ್ ನೆಲ, ಬಿಳಿ ಕಪಾಟು, ಗ್ರಾನೈಟ್ ಕಟ್ಟೆ, ಹೊಸ ದೀಪಗಳು. ಕಂಪನಿ ಕಳಿಸಿದ ಕೆಲಸದ ಪಟ್ಟಿಯಲ್ಲಿ "ವಾಟರ್ ಹೀಟರ್: ಹೊಸದು" ಎಂದಿತ್ತು. ಕಂಪನಿಗೆ ಸಂಬಂಧವಿಲ್ಲದ ಇನ್‌ಸ್ಪೆಕ್ಟರ್ ಒಬ್ಬರನ್ನು ನಾನೇ ಗೊತ್ತು ಮಾಡಿದ್ದೆ. ಅವರ 43 ಪುಟದ ವರದಿಯಲ್ಲಿ ಹೀಟರಿನ ಲೇಬಲ್‌ನ ಫೋಟೋ ಇತ್ತು. ಹೊರಗಿನ ತಗಡನ್ನು ಒರೆಸಿ ಫಳಫಳ ಮಾಡಿದ್ದರು, ಮೇಲಿನ ಎರಡು ಪೈಪು ಹೊಸವು. ಲೇಬಲ್ಲಿನಲ್ಲಿ ತಯಾರಾದ ವರ್ಷ 2009. ಹೀಟರಿನ ಆಯಸ್ಸೇ 10-12 ವರ್ಷ.

ಫೋಟೋ ಕಳಿಸಿ ಕೇಳಿದೆ. ಒಂದು ವಾರದಲ್ಲಿ ನಿಜವಾಗಿಯೂ ಹೊಸದನ್ನು ಹಾಕಿ ರಸೀದಿ ಕಳಿಸಿದರು. ನನಗೆ ಸಮಾಧಾನವಾಯಿತು. ಆ ಸಮಾಧಾನದಲ್ಲೇ ಇನ್‌ಸ್ಪೆಕ್ಟರ್ ಕೇಳಿದ ಇನ್ನೊಂದು ಮಾತನ್ನು ಬೇಡ ಎಂದುಬಿಟ್ಟೆ. ಬಚ್ಚಲಿನಿಂದ ಬೀದಿಯ ಮುಖ್ಯ ಕೊಳವೆಯವರೆಗಿನ ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತೇವೆ, 175 ಡಾಲರ್ ಹೆಚ್ಚಾಗುತ್ತದೆ ಎಂದಿದ್ದರು.

ಹದಿನಾಲ್ಕು ತಿಂಗಳಾದ ಮೇಲೆ ಬಾಡಿಗೆಗಿದ್ದ ಹೆಂಗಸಿನಿಂದ ದೂರು ಬಂತು: ವಾಷಿಂಗ್ ಮೆಷಿನ್ ನೀರು ಬಿಟ್ಟಾಗಲೆಲ್ಲ ಬಚ್ಚಲ ತೊಟ್ಟಿಯಲ್ಲಿ ಕಪ್ಪು ನೀರು ಮೇಲೆ ಬರುತ್ತಿದೆ. ಆಕೆಗೆ ಎರಡು ಪುಟ್ಟ ಮಕ್ಕಳು. ಪ್ಲಂಬರ್ ಕಳಿಸಿದ ವಿಡಿಯೋವನ್ನು ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ನಿಂತು ನೋಡಿದೆವು. ಮಣ್ಣಿನ ಹಳೆಯ ಕೊಳವೆ. ಪ್ರತಿ ಜೋಡಣೆಯ ಬಳಿಯೂ ಮರದ ಬೇರು ಕೂದಲಿನ ಜಡೆಯಂತೆ ಒಳಗೆ ಇಳಿದಿದೆ. ಕ್ಯಾಮೆರಾ ಬೇರನ್ನು ಸವರಿಕೊಂಡು ಮುಂದೆ ಹೋಗುತ್ತದೆ, ಒಂದು ಕಡೆ ಕೊಳವೆಯ ಕೆಳಭಾಗವೇ ಇಲ್ಲ, ಕೆಂಪು ಮಣ್ಣು ಕಾಣುತ್ತದೆ. ಅಂಗಳ ಅಗೆದು ಹೊಸ ಪೈಪು ಹಾಕಲು 6,800 ಡಾಲರ್ ಆಯಿತು. ಎಲ್ಲ ಖರ್ಚು ಕಳೆದು ಆ ಮನೆಯಿಂದ ಮೂರು ವರ್ಷಕ್ಕೆ ನನ್ನ ಕೈಗೆ ಬರುತ್ತಿದ್ದ ಹಣ ಅದು. ಕಂಪನಿಯ ಒಂದು ವರ್ಷದ ವಾರಂಟಿ ಎರಡು ತಿಂಗಳ ಹಿಂದೆ ಮುಗಿದಿತ್ತು.

ಮರ ಹಳೆಯದು, ಕೊಳವೆ ಹಳೆಯದು. ಕಂಪನಿಯವರು ಮೋಸ ಮಾಡಿದರು ಎಂದು ನಾನು ಹೇಳಲಾರೆ. ಅವರು ನೋಡಲಿಲ್ಲ, ಏಕೆಂದರೆ ನೋಡಿದರೆ ಖರ್ಚು ಅವರದು. ನಾನು ನೋಡಲಿಲ್ಲ, ಏಕೆಂದರೆ ನೆಲ ಚೆನ್ನಾಗಿ ಹೊಳೆಯುತ್ತಿತ್ತು. ಈಗ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ: 1980ಕ್ಕಿಂತ ಹಿಂದಿನ ಮನೆಯಾದರೆ ಚರಂಡಿಯ ಕ್ಯಾಮೆರಾ ಪರೀಕ್ಷೆ ಇಲ್ಲದೆ ಸಹಿ ಹಾಕಬೇಡಿ.

ಕರಪತ್ರದ ಲೆಕ್ಕ, ಮನೆಯ ಲೆಕ್ಕ

ಗೆಳೆಯ ಹೇಳಿದ ಮನೆಯನ್ನೇ ತೆಗೆದುಕೊಳ್ಳೋಣ. ಬೆಲೆ 1,60,000, ಬಾಡಿಗೆ 1,400. ಶೇ. 25, ಅಂದರೆ 40,000 ಕೈಯಿಂದ ಕಟ್ಟಿ 1,20,000 ಸಾಲ. ಶೇ. 7 ಬಡ್ಡಿಗೆ 30 ವರ್ಷದ ಸಾಲವಾದರೆ ಕಂತು ಸುಮಾರು 798. ಮನೆ ತೆರಿಗೆ ತಿಂಗಳಿಗೆ 190, ಇನ್ಶೂರೆನ್ಸ್ 120, ಮ್ಯಾನೇಜರಿಗೆ ಬಾಡಿಗೆಯ ಶೇ. 10 ಎಂದರೆ 140. ಒಟ್ಟು 1,248. ಉಳಿಯುವುದು 152. ಕಂಪನಿಯ ಕರಪತ್ರ ಇಲ್ಲಿಗೆ ನಿಲ್ಲುತ್ತದೆ.

ಮನೆ ವರ್ಷಕ್ಕೆ ಒಂದು ತಿಂಗಳು ಖಾಲಿ ಬಿದ್ದರೆ, ಅಂದರೆ ಸುಮಾರು ಶೇ. 8, ತಿಂಗಳಿಗೆ 112 ಕಳೆಯಿರಿ. ರಿಪೇರಿ, ಮುಂದೆ ಬದಲಿಸಬೇಕಾದ ಚಾವಣಿ, ಏಸಿ, ಹೀಟರ್ ಎಲ್ಲಕ್ಕೂ ಸೇರಿ ಕನಿಷ್ಠ ಶೇ. 10 ಎಂದರೆ 140. ಎರಡು ವರ್ಷಕ್ಕೊಮ್ಮೆ ಹೊಸ ಬಾಡಿಗೆದಾರರನ್ನು ಹುಡುಕಿಕೊಟ್ಟಿದ್ದಕ್ಕೆ ಒಂದು ತಿಂಗಳ ಬಾಡಿಗೆ ಶುಲ್ಕವಾದರೆ ತಿಂಗಳಿಗೆ 58. ಈಗ ಲೆಕ್ಕ ತಿಂಗಳಿಗೆ 158 ಕೈಬಿಟ್ಟು ಹೋಗುವಲ್ಲಿಗೆ ಬಂತು. ಮೊದಲ ವರ್ಷ ಅಸಲು 1,200 ಚಿಲ್ಲರೆ ತೀರುತ್ತದೆ. ಅದನ್ನು ಸೇರಿಸಿದರೂ ಕೊರತೆಯೇ. ಹಾಗಾದರೆ ಕೊಳ್ಳಬಾರದೇ? ಬಡ್ಡಿ ಇಳಿದರೆ, ಬಾಡಿಗೆ ವರ್ಷಕ್ಕೆ ಒಂದಿಷ್ಟು ಏರಿದರೆ, ಶೇ. 40 ಕೈಯಿಂದ ಕಟ್ಟುವ ಶಕ್ತಿ ಇದ್ದರೆ ಲೆಕ್ಕ ತಿರುಗುತ್ತದೆ. ಆದರೆ "ಮೊದಲ ತಿಂಗಳಿಂದಲೇ ಆದಾಯ" ಎಂಬ ಮಾತನ್ನು ನಂಬಿ ಮಕ್ಕಳ ಕಾಲೇಜಿನ ಹಣ ತಂದು ಇಲ್ಲಿ ಹಾಕಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ತೆರಿಗೆ ಉಳಿತಾಯದ ಆಸೆಯನ್ನೂ ಕರಪತ್ರ ದೊಡ್ಡದಾಗಿಯೇ ತೋರಿಸುತ್ತದೆ. ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ಸವಕಳಿ ಕಳೆಯಬಹುದು, ನಿಜ. ಆದರೆ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಇರುವ 25,000 ಡಾಲರಿನ ಅವಕಾಶ, ವರ್ಷದ ಆದಾಯ ಒಂದು ಲಕ್ಷ ದಾಟಿದರೆ ಕರಗತೊಡಗಿ ಒಂದೂವರೆ ಲಕ್ಷಕ್ಕೆ ಪೂರ್ತಿ ಮುಗಿಯುತ್ತದೆ. ಸಾಫ್ಟ್‌ವೇರ್ ಕೆಲಸದ ಗಂಡ-ಹೆಂಡಿರಲ್ಲಿ ಎಷ್ಟು ಜನ ಅದರೊಳಗೆ ಬರುತ್ತಾರೆ? ನಷ್ಟ ಎಲ್ಲೂ ಹೋಗುವುದಿಲ್ಲ, ಮುಂದಿನ ವರ್ಷಗಳ ಬಾಡಿಗೆ ಲಾಭಕ್ಕೋ ಮನೆ ಮಾರುವ ದಿನಕ್ಕೋ ಕಾದಿರುತ್ತದೆ. ಈ ವರ್ಷದ ತೆರಿಗೆಯಲ್ಲಿ ಮಾತ್ರ ಅದರಿಂದ ಏನೂ ಇಳಿಯುವುದಿಲ್ಲ. ಮನೆಯ ತಂಟೆ ನಮ್ಮ ಸ್ವಂತ ಆಸ್ತಿಗೆ ತಗಲದಿರಲೆಂದು ಟೆನೆಸ್ಸಿಯಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡರೂ, ಕ್ಯಾಲಿಫೋರ್ನಿಯಾದಲ್ಲಿ ಕೂತು ನಡೆಸುವವರೆಗೆ ಇಲ್ಲಿಗೆ ವರ್ಷಕ್ಕೆ ಕನಿಷ್ಠ 800 ಡಾಲರ್ ಕಟ್ಟಬೇಕು. ಒಂದು ಮನೆಗೆ ಅದು ಭಾರವೇ. ನಾನು ಎಲ್‌ಎಲ್‌ಸಿ ಬಿಟ್ಟು ಅಂಬ್ರೆಲಾ ಇನ್ಶೂರೆನ್ಸ್, ಅಂದರೆ ಯಾರಾದರೂ ದಾವೆ ಹೂಡಿದರೆ ಮಾಮೂಲಿ ಇನ್ಶೂರೆನ್ಸಿನ ಮೇಲೆ ರಕ್ಷಣೆ ಕೊಡುವ ಪಾಲಿಸಿ ತೆಗೆದುಕೊಂಡೆ.

ಊರೂರಿಗೆ ಒಂದೊಂದು ಕಾನೂನು

ಕರಪತ್ರದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಮನೆ ತೆರಿಗೆಯ ಸಾಲು. ಅಲ್ಲಿ ಬರೆದಿರುವುದು ಸಾಮಾನ್ಯವಾಗಿ ಕಳೆದ ವರ್ಷದ ಬಿಲ್ಲು. ಕಳೆದ ವರ್ಷ ಆ ಮನೆಯಲ್ಲಿ ಯಾರಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಇಂಡಿಯಾನಾದಲ್ಲಿ ಮಾಲೀಕರೇ ವಾಸವಿದ್ದರೆ ಮನೆ ತೆರಿಗೆಗೆ ಮೌಲ್ಯದ ಶೇ. 1ರ ಮಿತಿ, ಬಾಡಿಗೆ ಮನೆಯಾದರೆ ಶೇ. 2. ರಾಜ್ಯದ ಸಂವಿಧಾನದಲ್ಲೇ 2010ರಿಂದ ಇರುವ ನಿಯಮ ಇದು. ಅಜ್ಜಿಯೊಬ್ಬಳು ವಾಸವಿದ್ದ ಮನೆಯನ್ನು ನೀವು ಕೊಂಡು ಬಾಡಿಗೆಗೆ ಕೊಟ್ಟ ಮೇಲೆ ಬಿಲ್ಲು ಎರಡರಷ್ಟಾದರೂ ಆಶ್ಚರ್ಯವಿಲ್ಲ, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚಾಗುತ್ತದೆ, ಏಕೆಂದರೆ ಆಕೆಗಿದ್ದ ಕಡಿತಗಳೂ ಹೋಗುತ್ತವೆ. ಅಲಬಾಮಾದಲ್ಲಿ ಮನೆಯ ಬೆಲೆಯ ಒಂದು ಭಾಗದ ಮೇಲಷ್ಟೇ ತೆರಿಗೆ: ವಾಸದ ಮನೆಗೆ ಆ ಭಾಗ ಬೆಲೆಯ ಶೇ. 10 ಆದರೆ, ಬಾಡಿಗೆಯದಕ್ಕೆ ಶೇ. 20, ಅಲ್ಲೂ ದುಪ್ಪಟ್ಟು. ಟೆನೆಸ್ಸಿಯಲ್ಲಿ ಒಂಟಿ ಮನೆಗೆ ಈ ಭೇದವಿಲ್ಲ, ಎರಡಕ್ಕೂ ಶೇ. 25. ಆದರೆ ಎರಡು ಸಂಸಾರ ಇರಬಲ್ಲ ಡ್ಯೂಪ್ಲೆಕ್ಸ್ ಕೊಂಡು ಎರಡನ್ನೂ ಬಾಡಿಗೆಗೆ ಕೊಟ್ಟರೆ ಅದು ವಾಣಿಜ್ಯ ಲೆಕ್ಕಕ್ಕೆ ಸೇರಿ ಶೇ. 40 ಆಗುತ್ತದೆ. ಮೆಂಫಿಸ್ ಊರಿನೊಳಗಿದ್ದರೆ ಊರಿಗೂ ಶೆಲ್ಬಿ ಕೌಂಟಿಗೂ ಎರಡು ಬಿಲ್ಲು ಪ್ರತ್ಯೇಕ ಬರುತ್ತವೆ. ಒಂದನ್ನೇ ತೋರಿಸಿದ ಕರಪತ್ರ ನೋಡಿದ್ದೇನೆ.

ಅಲಬಾಮಾದಲ್ಲಿ ಇನ್ನೊಂದಿದೆ. ಹಳೆಯ ಮನೆ ಕೊಳ್ಳುವಾಗ ನೋಡಿಕೊಳ್ಳುವ ಹೊಣೆ ಕೊಳ್ಳುವವರದು ಎಂಬುದೇ ಅಲ್ಲಿಯ ಕಾನೂನಿನ ಧೋರಣೆ. ಆಮೇಲೆ ದೋಷ ಕಂಡಿತೆಂದು ಮಾರಿದವರ ಬೆನ್ನು ಹತ್ತುವುದು ಕಷ್ಟ.

ಕ್ಲೀವ್‌ಲ್ಯಾಂಡ್‌ನ ಬೆಲೆ ಎಲ್ಲಕ್ಕಿಂತ ಕಡಿಮೆ, ಅದಕ್ಕೇ ಹೊಸಬರು ಅಲ್ಲಿಗೆ ಓಡುತ್ತಾರೆ. 1950ರಲ್ಲಿ 9.14 ಲಕ್ಷ ಜನರಿದ್ದ ಊರು, 2020ರಲ್ಲಿ 3.72 ಲಕ್ಷಕ್ಕೆ ಇಳಿದಿದೆ. ಒಂದು ಬೀದಿ ಚೆನ್ನಾಗಿದ್ದರೆ ಅದರ ಪಕ್ಕದ ಬೀದಿಯಲ್ಲಿ ಕಿಟಕಿಗೆ ಹಲಗೆ ಹೊಡೆದ ಮನೆಗಳು. ಅಲ್ಲಿ 1978ಕ್ಕಿಂತ ಹಿಂದೆ ಕಟ್ಟಿದ ಬಾಡಿಗೆ ಮನೆಗೆ ಸೀಸದ ಬಣ್ಣದಿಂದ ಅಪಾಯವಿಲ್ಲ ಎಂಬ ಪ್ರಮಾಣಪತ್ರ ಬೇಕು. 2019ರಲ್ಲಿ ಮಾಡಿದ ನಿಯಮ. ಸೀಸ ಸಣ್ಣ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಆದ್ದರಿಂದ ಇದನ್ನು ಕಾಗದದ ಕಿರಿಕಿರಿ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಬೆಳೆಯುವ ಮಗು ಬೇರೆಯವರದಾದರೂ ಮಗುವೇ. ಕಿಟಕಿ ಸರಿಸಿದಾಗ ಉದುರುವ ಪುಡಿಯಲ್ಲೇ ಅದು ಹೆಚ್ಚು, ಮೇಲೊಂದು ಕೈ ಹೊಸ ಬಣ್ಣ ಬಳಿದರೆ ಹೋಗುವುದಿಲ್ಲ.

ನಾವೇ ಹುಡುಕಿ ಮಾಡಿಸಿದರೆ

ಎರಡನೆಯ ದಾರಿಯನ್ನು ನಾನು ಇಂಡಿಯಾನಾಪೊಲಿಸ್‌ನಲ್ಲಿ ಹಿಡಿದೆ. ಮನೆ ತೋರಿಸಲು ಏಜೆಂಟ್ ಬೇರೆ, ಇನ್‌ಸ್ಪೆಕ್ಟರ್ ಬೇರೆ, ಕಾಂಟ್ರಾಕ್ಟರ್ ಬೇರೆ, ಕೊನೆಗೆ ಬಾಡಿಗೆ ನೋಡಿಕೊಳ್ಳುವ ಮ್ಯಾನೇಜರ್ ಬೇರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಾರೆ. ಮ್ಯಾನೇಜರಿಗೆ ಮುಂದೆ ತಲೆನೋವು ತನ್ನದೇ ಎಂದು ಗೊತ್ತಿರುವುದರಿಂದ ಕಾಂಟ್ರಾಕ್ಟರ್ ಕೆಲಸದಲ್ಲಿ ಕೊಕ್ಕೆ ಹುಡುಕುತ್ತಾರೆ. ನನಗೆ ಬೇಕಾಗಿದ್ದೂ ಅದೇ. ಏಜೆಂಟಿಗಿಂತ ಮೊದಲು ಮ್ಯಾನೇಜರನ್ನು ಹುಡುಕಿದೆ. "ಈ ವಿಳಾಸದ ಮನೆ ನಿಮ್ಮ ಕೈಗೆ ಕೊಟ್ಟರೆ ನೋಡಿಕೊಳ್ಳುತ್ತೀರಾ, ಬಾಡಿಗೆ ಎಷ್ಟು ಬರಬಹುದು?" ಎಂದು ಐದು ಮನೆಗಳ ಬಗ್ಗೆ ಕೇಳಿದಾಗ, ಎರಡರ ಬಗ್ಗೆ ಬೇಡವೇ ಬೇಡ ಎಂದರು. ಆ ಎರಡೂ ಮನೆ ಫೋಟೋದಲ್ಲಿ ಚೆಂದವಾಗಿದ್ದವು.

ಕಷ್ಟವೂ ಕಡಿಮೆಯಲ್ಲ. ಹಾಳಾದ ಮನೆಗೆ ಮಾಮೂಲಿ ಬ್ಯಾಂಕ್ ಸಾಲ ಸಿಗುವುದಿಲ್ಲ. ಕೈಯಲ್ಲಿ ಪೂರ್ತಿ ಹಣ ಇರಬೇಕು, ಇಲ್ಲವೇ ಶೇ. 10-12 ಬಡ್ಡಿಯ ಅಲ್ಪಾವಧಿ ಸಾಲ ತರಬೇಕು. ರಿಪೇರಿ ಮುಗಿದ ಮೇಲೆ ಹೊಸ ಬೆಲೆಯ ಮೇಲೆ ಸಾಲ ಎತ್ತಿ ಹಾಕಿದ ಹಣ ವಾಪಸ್ ಪಡೆಯುತ್ತೇವೆ ಎಂಬ ಯೋಜನೆ ಕೇಳಲು ಚೆನ್ನ. ಆದರೆ ಫ್ಯಾನಿ ಮೇ (ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಸಂಸ್ಥೆ) ನಿಯಮದ ಸಾಲದಲ್ಲಿ ಮನೆ ಕನಿಷ್ಠ 6 ತಿಂಗಳು ನಿಮ್ಮ ಹೆಸರಿನಲ್ಲಿರಬೇಕು, ತೀರಿಸುವ ಹಳೆಯ ಸಾಲಕ್ಕೆ ಒಂದು ವರ್ಷ ತುಂಬಿರಬೇಕು, ಒಂಟಿ ಬಾಡಿಗೆ ಮನೆಗೆ ಬೆಲೆಯ ಶೇ. 75ರ ಮೇಲೆ ಕೊಡುವುದಿಲ್ಲ. ಆ ಒಂದು ವರ್ಷ ಶೇ. 12 ಬಡ್ಡಿ ಹೊರಲು ತಯಾರಿದ್ದೀರಾ?

ಕಾಂಟ್ರಾಕ್ಟರಿಗೆ ಹಣ ಕೊಡುವ ವಿಧಾನ ಊರಲ್ಲಿ ಮೇಸ್ತ್ರಿಗೆ ಕೊಡುವಂತೆಯೇ, ಆದ ಕೆಲಸಕ್ಕೆ ಮಾತ್ರ. ನಾನು ನಾಲ್ಕು ಕಂತು ಮಾಡಿದ್ದೆ, ಪ್ರತಿ ಕಂತಿಗೂ ಮುಂಚೆ ಮ್ಯಾನೇಜರ್ ಹೋಗಿ ವಿಡಿಯೋ ತೆಗೆದು ಕಳಿಸಬೇಕು, ಒಂದು ಭೇಟಿಗೆ 75 ಡಾಲರ್. ಜೊತೆಗೆ ಪ್ರತಿ ಸಲ ಲೀನ್ ವೇವರ್, ಅಂದರೆ ಹಣ ಬಂದಿದೆ, ಇನ್ನು ಮನೆಯ ಮೇಲೆ ಹಕ್ಕು ಹೂಡುವುದಿಲ್ಲ ಎಂಬ ಪತ್ರ ಬರೆಸಿಕೊಳ್ಳಬೇಕು. ಕಾಂಟ್ರಾಕ್ಟರಿಗೆ ನೀವು ಪೂರ್ತಿ ಕೊಟ್ಟಿದ್ದರೂ ಅವನು ತನ್ನ ಎಲೆಕ್ಟ್ರಿಷಿಯನ್‌ಗೆ ಕೊಡದಿದ್ದರೆ, ಆ ಎಲೆಕ್ಟ್ರಿಷಿಯನ್ ನಿಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ಎಂಟು ವಾರ ಎಂದ ಕೆಲಸ ಹದಿನೇಳು ವಾರ ಹಿಡಿಯಿತು. ರಾತ್ರಿ ಹತ್ತಕ್ಕೆ ಮಕ್ಕಳು ಮಲಗಿದ ಮೇಲೆ ಟೈಲ್ಸ್ ಬಿಲ್ಲು ನೋಡುತ್ತಾ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಅದೇ ಬೀದಿಯಲ್ಲಿ ಕಂಪನಿಯೊಂದು ಮಾರಿದ ಅದೇ ಅಳತೆಯ ಮನೆಗಿಂತ 19,000 ಕಡಿಮೆಗೆ ನನ್ನದು ತಯಾರಾಯಿತು. ಏಳು ತಿಂಗಳ ಸಂಜೆಗಳಿಗೆ ಅದು ಕೂಲಿ ಎಂದುಕೊಂಡರೆ ದೊಡ್ಡ ಮೊತ್ತವಲ್ಲ. ಆದರೆ ಗೋಡೆಯೊಳಗೆ ಏನಿದೆ ಎಂಬುದು ನನಗೆ ಗೊತ್ತು, ಫೋಟೋಗಳಿವೆ, ಪರ್ಮಿಟ್ ಮುಗಿದ ದಾಖಲೆ ಇದೆ. ಇದರ ಬೆಲೆ ಮೆಂಫಿಸ್ ಮನೆ ನನಗೆ ಕಲಿಸಿತ್ತು.

ಎಚ್-1ಬಿ ವೀಸಾದಲ್ಲಿರುವವರು ಮಾತ್ರ ಈ ದಾರಿ ಹಿಡಿಯುವ ಮುಂಚೆ ವಕೀಲರನ್ನು ಕೇಳಿ. ಮನೆ ಕೊಂಡು ಬಾಡಿಗೆ ಪಡೆಯುವುದು ಹೂಡಿಕೆ. ರಿಪೇರಿ, ವಸೂಲಿ, ಮೇಲ್ವಿಚಾರಣೆ ಎಲ್ಲ ತಾನೇ ನಿಂತು ಮಾಡುವುದು ಕೆಲಸ ಎನಿಸಿಕೊಳ್ಳುವ ಅಪಾಯವಿದೆ.

ಹಾಗಾದರೂ ಟರ್ನ್‌ಕೀ ಎನ್ನುವವರಿಗೆ

ಸಮಯವಿಲ್ಲ, ಮೊದಲ ಮನೆ, ಹೊಸ ಊರು ಎಂದರೆ ಟರ್ನ್‌ಕೀ ಕೊಳ್ಳುವುದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಅವರ ಏರ್ಪಾಡಿನ ನಡುವೆ ನಿಮ್ಮ ಕಡೆಯ ಕಣ್ಣುಗಳನ್ನು ನೀವೇ ಇಡಬೇಕು. ಕೈಯಲ್ಲಿ ಪೂರ್ತಿ ಹಣ ಇದ್ದರೂ ಬ್ಯಾಂಕ್ ಸಾಲ ತೆಗೆದುಕೊಂಡೇ ಕೊಳ್ಳಿ. ಬ್ಯಾಂಕು ತನ್ನ ಹಣಕ್ಕಾಗಿ ಮನೆಗೆ ಬೆಲೆ ಕಟ್ಟುವ ಅಪ್ರೈಸರ್‌ನನ್ನು ಕಳಿಸುತ್ತದೆ, ಅವರ ಕಣ್ಣು ನಿಮಗೂ ಉಪಯೋಗ. ಅಪ್ರೈಸಲ್ ಬೆಲೆ ಕಡಿಮೆ ಬಂದರೆ ಹಿಂದೆ ಸರಿಯುವ ಹಕ್ಕು ಕರಾರಿನಲ್ಲಿ ಇರಲಿ. ಆ ವರದಿಯಲ್ಲಿ ಹೋಲಿಕೆಗೆ ತೆಗೆದುಕೊಂಡ ಮೂರು ಮನೆಗಳನ್ನೂ ಯಾರು ಮಾರಿದರು ಎಂದು ಕೌಂಟಿಯ ದಾಖಲೆಯಲ್ಲಿ ನೋಡಿ. ಮೂರನ್ನೂ ಅದೇ ಕಂಪನಿ ನಮ್ಮಂತಹ ದೂರದವರಿಗೆ ಮಾರಿದ್ದರೆ, ಆ ಬೆಲೆ ಅವರು ತಾವೇ ಬರೆದುಕೊಂಡ ಬೆಲೆ. ನಾಳೆ ನೀವು ಮಾರಲು ಹೊರಟಾಗ ಅಲ್ಲಿ ವಾಸಕ್ಕೆ ಮನೆ ಕೊಳ್ಳುವ ಸಂಸಾರಸ್ಥರು ಬರುವುದಿಲ್ಲ, ಇನ್ನೊಬ್ಬ ಹೂಡಿಕೆದಾರ ಬಂದು ಇನ್ನೂ ಕಡಿಮೆಗೆ ಕೇಳುತ್ತಾನೆ. ಬೀದಿಯಲ್ಲಿ ಮಾಲೀಕರೇ ವಾಸವಿರುವ ಮನೆಗಳು ಅರ್ಧಕ್ಕಿಂತ ಹೆಚ್ಚಿರುವ ಕಡೆ ಕೊಳ್ಳಿ. ಬಾಡಿಗೆ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ.

"ಬಾಡಿಗೆದಾರರು ಈಗಾಗಲೇ ಇದ್ದಾರೆ" ಎಂದಾಗ ಅಗ್ರಿಮೆಂಟ್ ಸಾಲದು, ಪ್ರತಿ ತಿಂಗಳು ಬಾಡಿಗೆ ಜಮಾ ಆದ ಲೆಕ್ಕದ ಪ್ರತಿ ಕೇಳಿ. ಮೊದಲ ತಿಂಗಳು ಪುಕ್ಕಟೆ ಕೊಟ್ಟು, ಅಗ್ರಿಮೆಂಟಿನಲ್ಲಿ ಬಾಡಿಗೆ ಹೆಚ್ಚು ಬರೆಸುವುದುಂಟು. ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಹಣ ಕ್ಲೋಸಿಂಗ್ ದಿನ, ಅಂದರೆ ಮನೆ ನಿಮ್ಮ ಹೆಸರಿಗಾಗುವ ದಿನ, ನಿಮ್ಮ ಕಡೆಗೆ ವರ್ಗವಾಗಬೇಕು. ಮ್ಯಾನೇಜರ್ ಕರಾರನ್ನು 30 ದಿನದ ನೋಟಿಸಿನಲ್ಲಿ ದಂಡವಿಲ್ಲದೆ ಮುರಿಯುವಂತಿರಬೇಕು. "ನಮ್ಮ ಮ್ಯಾನೇಜರನ್ನು ಬಿಟ್ಟರೆ ವಾರಂಟಿ ಇಲ್ಲ" ಎಂಬ ಸಾಲು ಕಂಡರೆ ಆ ಮನೆಯನ್ನೇ ಬಿಟ್ಟುಬಿಡಿ. ನನ್ನ ಮೆಂಫಿಸ್ ಮನೆಯಲ್ಲಿ ಸಿಂಕಿನ ಕೆಳಗಿನ ಒಂದು ಪ್ಲಾಸ್ಟಿಕ್ ಬಾಗು ಪೈಪು ಬದಲಿಸಿದ್ದಕ್ಕೆ 285 ಡಾಲರ್ ಬಿಲ್ಲು ಬಂದ ದಿನ ನಾನು ಮ್ಯಾನೇಜರನ್ನು ಬದಲಿಸಿದೆ, ಬದಲಿಸಲು ಸಾಧ್ಯವಿತ್ತು ಎಂಬುದೇ ಆ ಕರಾರಿನ ಒಳ್ಳೆಯ ಗುಣ.

ಉಳಿದ ದಾರಿಗಳು

ಟೆಕ್ಸಾಸ್ ಕಡೆ ಬಿಲ್ಡರುಗಳಿಂದ ಹೊಚ್ಚಹೊಸ ಮನೆ ಕೊಂಡು ಬಾಡಿಗೆಗೆ ಕೊಡುವವರು ಈಚೆಗೆ ಹೆಚ್ಚು. ಹತ್ತು ವರ್ಷ ಚಾವಣಿಯ ಚಿಂತೆಯಿಲ್ಲ, ಬಿಲ್ಡರ್ ಬಡ್ಡಿಯನ್ನೂ ಇಳಿಸಿಕೊಡುತ್ತಾರೆ. ಆದರೆ ಮೊದಲ ವರ್ಷದ ತೆರಿಗೆ ಬಿಲ್ಲು ಎಷ್ಟೋ ಸಲ ಖಾಲಿ ಸೈಟಿನದ್ದು. ಎರಡನೇ ವರ್ಷ ಮನೆ ಸೇರಿ ಬಂದಾಗ ಕಂತು ಹಾರುತ್ತದೆ. ಅಕ್ಕಪಕ್ಕದ ನಲವತ್ತು ಮನೆಗಳೂ ಒಂದೇ ತಿಂಗಳು ಬಾಡಿಗೆಗೆ ಬರುವುದು ಇನ್ನೊಂದು ತೊಂದರೆ.

ಮನೆಯ ರಗಳೆಯೇ ಬೇಡ ಎನ್ನುವವರಿಗೆ ಇನ್‌ವಿಟೇಶನ್ ಹೋಮ್ಸ್, ಅಮೆರಿಕನ್ ಹೋಮ್ಸ್ 4 ರೆಂಟ್‌ನಂತಹ ರೀಟ್ ಷೇರುಗಳಿವೆ, ಅಂದರೆ ಸಾವಿರಾರು ಬಾಡಿಗೆ ಮನೆಗಳನ್ನು ಇಟ್ಟುಕೊಂಡ ಕಂಪನಿಗಳ ಷೇರುಗಳು. ತೆರಿಗೆಗೊಳಪಡುವ ಆದಾಯದ ಶೇ. 90ನ್ನು ಅವು ಹಂಚಲೇಬೇಕು. ಬೆಳಿಗ್ಗೆ ಕೊಂಡು ಸಂಜೆ ಮಾರಬಹುದು. ನಿಜ ಹೇಳಬೇಕೆಂದರೆ, ನನ್ನನ್ನು ಕೇಳುವ ಹತ್ತರಲ್ಲಿ ಆರು ಜನರಿಗೆ ಇದೇ ಸಾಕು.

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಫ್ಲ್ಯಾಟ್ ಕೊಂಡರೆ ಅಪ್ಪ-ಅಮ್ಮ ಒಮ್ಮೆ ಹೋಗಿ ನೋಡಿ ಬರುತ್ತಾರೆ, ನಮ್ಮ ಪರವಾದ ಕಣ್ಣು ಅಲ್ಲಿ ಪುಕ್ಕಟೆ. ಆದರೆ ಬಾಡಿಗೆ ವರ್ಷಕ್ಕೆ ಬೆಲೆಯ ಶೇ. 3-4 ಮಾತ್ರ. ಎನ್ನಾರೈ ಮಾಲೀಕರಿಗೆ ಬಾಡಿಗೆ ಕೊಡುವವರು ಶೇ. 31.2 ಟಿಡಿಎಸ್ ಹಿಡಿದೇ ಕೊಡಬೇಕು. ಎಷ್ಟೋ ಬಾಡಿಗೆದಾರರಿಗೆ ಅದು ಗೊತ್ತೇ ಇಲ್ಲ. ಮಾರಿದ ಹಣವನ್ನು ಎನ್‌ಆರ್‌ಒ ಖಾತೆಯಿಂದ (ಎನ್ನಾರೈಗಳ ಭಾರತದ ಆದಾಯ ಜಮಾ ಆಗುವ ಖಾತೆ) ದೇಶದ ಹೊರಗೆ ತರಲು ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿ. ಕೃಷಿ ಜಮೀನಂತೂ ಎನ್ನಾರೈಗಳು ಕೊಳ್ಳುವಂತೆಯೇ ಇಲ್ಲ.

ಮುಂದೊಂದು ದಿನ ಊರಿಗೆ ಮರಳುವ ಮನಸ್ಸಿರುವವರಿಗೆ ಮೆಂಫಿಸ್ ಮನೆ ಜೊತೆಗೆ ಬರುವುದಿಲ್ಲ ಎಂಬುದನ್ನೂ ನೆನಪಿಸಬೇಕು. ಅಮೆರಿಕದ ತೆರಿಗೆ ಲೆಕ್ಕದಲ್ಲಿ ನೀವು ಹೊರನಾಡಿನವರಾದ ಮೇಲೆ, ಸರಿಯಾದ ಫಾರ್ಮ್ ಕೊಡದಿದ್ದರೆ ಖರ್ಚು ಕಳೆಯದ ಪೂರ್ತಿ ಬಾಡಿಗೆಯ ಮೇಲೆ ಶೇ. 30 ಹಿಡಿಯುತ್ತಾರೆ. ಮಾರುವಾಗ ಸಾಮಾನ್ಯವಾಗಿ ಮಾರಾಟದ ಬೆಲೆಯ ಶೇ. 15 ಮೊದಲೇ ಹಿಡಿದಿಡುತ್ತಾರೆ, ಲಾಭದ ಶೇ. 15 ಅಲ್ಲ, ಬೆಲೆಯದ್ದು. ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ತಿಂಗಳುಗಟ್ಟಲೆ ಕಾಯಬೇಕು. ಐದು ವರ್ಷದೊಳಗೆ ಮರಳುವವರಿಗೆ ನಾನು ಯಾವ ಊರಿನ ಯಾವ ಮನೆಯನ್ನೂ ಸೂಚಿಸುವುದಿಲ್ಲ.

ಗೆಳೆಯ ಇನ್ನೂ ಸಹಿ ಹಾಕಿಲ್ಲ. ಮೊನ್ನೆ ಇನ್‌ಸ್ಪೆಕ್ಷನ್ ವರದಿ ಕಳಿಸಿದ, ಇಬ್ಬರೂ ಫೋನಿನಲ್ಲಿ ಒಂದೊಂದೇ ಪುಟ ನೋಡಿದೆವು. ಹತ್ತೊಂಬತ್ತನೇ ಪುಟದಲ್ಲಿ ಬಚ್ಚಲಿನ ಹಿಂದಿನ ಅಂಗಳದ ಫೋಟೋ ಇದೆ, ಗೋಡೆಯಿಂದ ಹತ್ತಡಿ ದೂರದಲ್ಲಿ ದೊಡ್ಡ ಓಕ್ ಮರ. "ಮರ ಚೆನ್ನಾಗಿದೆ ಅಲ್ವಾ?" ಅಂದ. ಚರಂಡಿಗೆ ಕ್ಯಾಮೆರಾ ಬಿಡಿಸು, ಆಮೇಲೆ ಮಾತಾಡೋಣ ಅಂದೆ. ಮಂಗಳವಾರಕ್ಕೆ ಪ್ಲಂಬರ್ ಸಿಕ್ಕಿದ್ದಾರೆ.